ನಮ್ಮಲ್ಲೂ ಇದೆ

ಒಂದು ಬಸ್ಸು ತುಂಬ ಕನ್ನಡಿಗರು ವಿಯೆಟ್ನಾಮ್ ನೋಡಲು ಹೋದೆವು. ಹನೋಯಿಯಲ್ಲಿ ಇಳಿದು, ಉದ್ದಕ್ಕೂ ದಕ್ಷಿಣಕ್ಕೆ ಸರಿಯುತ್ತಾ ಹೋ ಚಿ ಮಿನ್ ನಗರದಲ್ಲಿ ವಿಮಾನ ಹತ್ತುವುದು ಎಂದು ಟೂರಿನವರು ಕೊಟ್ಟ ಬಣ್ಣದ ಹಾಳೆಯಲ್ಲಿತ್ತು. ಏನು ತೋರಿಸಿದರೂ ‘ಇದು ನಮ್ಮಲ್ಲೂ ಇದೆ’ ಎನ್ನುವುದು ನಮ್ಮ ಗುಂಪಿನ ವಾಡಿಕೆ. ಹಾಗೆ ಅಂದುಬಿಟ್ಟರೆ ಪರದೇಶದ ಭಯ ಅರ್ಧ ಇಳಿಯುತ್ತದೆ, ಖರ್ಚು ಮಾಡಿದ್ದಕ್ಕೆ ಮಾತ್ರ ಸ್ವಲ್ಪ ಸಂಕಟವಾಗುತ್ತದೆ.

ಗೈಡ್ ಹುಡುಗಿ ಮೊದಲು ಕೇಳಿದ್ದೇ ನಮ್ಮ ವಯಸ್ಸು. ಎದುರಿನವರು ತನಗಿಂತ ಹಿರಿಯರೋ ಕಿರಿಯರೋ ತಿಳಿಯದೆ ಅಲ್ಲಿ ಮಾತೇ ಹೊರಡದು. ಅಣ್ಣ, ಅಕ್ಕ, ಚಿಕ್ಕಪ್ಪ, ದೊಡ್ಡಪ್ಪ ಹೀಗೆ ಏನಾದರೊಂದು ನೆಂಟಸ್ತನ ಗೊತ್ತುಮಾಡಿಕೊಂಡೇ ಮುಂದಿನ ಮಾತು. ತಲೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದ ಬ್ಯಾಂಕಿನ ರಾಯರು ‘ಅಣ್ಣ ಅಂದರೆ ಸಾಕಮ್ಮ’ ಎಂದರು. ಅವಳು ಆಗಲೇ ಪಾಸ್‌ಪೋರ್ಟ್ ನೋಡಿಯಾಗಿತ್ತು. ಕೊನೆಯವರೆಗೂ ದೊಡ್ಡಪ್ಪನಿಂದ ಕೆಳಗಿಳಿಸಲಿಲ್ಲ.

ಆ ರಾಯರಿಗೇ ಗುಂಪಿನ ಹಣಕಾಸು ಒಪ್ಪಿಸಿದ್ದೆವು. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಹತ್ತು ಸಾವಿರ ರೂಪಾಯಿ ಬದಲಾಯಿಸಿದವನು ಮೂವತ್ತು ಲಕ್ಷದ ಧಣಿಯಾಗಿ ಹೊರಬರುತ್ತಾನೆ, ಮಧ್ಯಾಹ್ನದ ಊಟ ಮುಗಿಸುವ ಹೊತ್ತಿಗೆ ಒಂದೆರಡು ಲಕ್ಷ ಕಳೆದುಕೊಂಡಿರುತ್ತಾನೆ. ದೊಡ್ಡ ನೋಟುಗಳೆಲ್ಲ ಪ್ಲಾಸ್ಟಿಕ್ಕಿನವು, ಎಲ್ಲದರ ಮೇಲೂ ಹೋ ಚಿ ಮಿನ್ ಅವರದೇ ಮುಖ. ಸಾಲದ್ದಕ್ಕೆ ಇಪ್ಪತ್ತು ಸಾವಿರದ್ದೂ ನೀಲಿ, ಐದು ಲಕ್ಷದ್ದೂ ನೀಲಿ. ರಾಯರು ಎಳನೀರಿಗೆ ಇಪ್ಪತ್ತು ಸಾವಿರ ಎಂದುಕೊಂಡು ಐದು ಲಕ್ಷ ಚಾಚಿದರು. ಎಳನೀರಿನ ಮುದುಕಿ ನಕ್ಕು, ಅವರ ಕೈಯಿಂದಲೇ ಸರಿಯಾದ ನೋಟು ಹಿರಿದುಕೊಂಡು ಉಳಿದದ್ದನ್ನು ಜೇಬಿಗೆ ತುರುಕಿದಳು. ‘ಇಂಥವರು ನಮ್ಮಲ್ಲೂ ಇದ್ದಾರೆ’ ಎಂದು ಯಾರೋ ಅಂದರು. ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಹನೋಯಿಯ ರಸ್ತೆ ದಾಟುವಾಗ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ. ಬೆಂಗಳೂರಿನವರು ರಸ್ತೆ ದಾಟುವ ಶಾಸ್ತ್ರ ಓಡು, ನಿಲ್ಲು, ಹಿಂದೆ ಬಾ, ಬೈಸಿಕೊ, ಮತ್ತೆ ಓಡು. ಅಲ್ಲಿ ಇದು ನಡೆಯದು. ಸ್ಕೂಟರುಗಳ ಹೊಳೆಗೆ ಇಳಿದು ನಿಧಾನವಾಗಿ ಒಂದೇ ಸಮನೆ ನಡೆಯುತ್ತಿರಬೇಕು. ನಿಲ್ಲಬಾರದು, ಓಡಲೇಬಾರದು, ಅವರೇ ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ಗುಂಪಾಗಿ ದಾಟುವಾಗ ಅಂಟು ಅನ್ನದ ಹಾಗೆ ಒತ್ತಿಕೊಂಡಿರಿ ಎಂದು ಗೈಡ್ ಹೇಳಿದಳು. ಮಂಡ್ಯದವರೊಬ್ಬರು ಅದನ್ನು ಮುದ್ದೆ ಎಂದು ತಿದ್ದಿದರು. ಅಂದಿನಿಂದ ಯಾವ ರಸ್ತೆ ಬಂದರೂ ‘ಮುದ್ದೆ, ಮುದ್ದೆ!’ ಎಂದು ಕೂಗಿಕೊಂಡೇ ದಾಟಿದೆವು. ನಿಧಾನವಾಗಿ ನಡೆಯಲು ಒಬ್ಬ ಮನುಷ್ಯನಿಗೆ ಇಷ್ಟು ನಂಬಿಕೆ ಬೇಕೆಂದು ನನಗೆ ತಿಳಿದಿರಲಿಲ್ಲ.

ಹಾ ಲಾಂಗ್ ಕೊಲ್ಲಿಯಲ್ಲಿ ಶಿರಸಿಯ ಭಟ್ಟರು ಸುಣ್ಣಕಲ್ಲಿನ ಶಿಖರಗಳನ್ನು ನೋಡಿ ‘ನಮ್ಮ ಯಾಣವೇ’ ಎಂದರು. ನಿಜವೇ. ಆದರೆ ಯಾಣದಲ್ಲಿ ಹೆಸರಾದ ಶಿಖರಗಳು ಎರಡು, ಇಲ್ಲಿ ಸಮುದ್ರದೊಳಗೆ ಸುಮಾರು 1,600 ದ್ವೀಪಗಳು. ಭಟ್ಟರು ದೋಣಿಯಲ್ಲಿ ಕೂತು ಒಂದಷ್ಟು ಎಣಿಸಿ ಕೈಬಿಟ್ಟರು. ಉಳಿದವರು ಫೋಟೋ ತೆಗೆಸಿಕೊಂಡೆವು.

ಊಟದ ವಿಷಯಕ್ಕೆ ಬಂದರೆ, ಗುಂಪಿನ ಅರ್ಧಕ್ಕೂ ಹೆಚ್ಚು ಮಂದಿ ಸಸ್ಯಾಹಾರಿಗಳು, ಆ ದೇಶದ ಅಡುಗೆಯ ಉಪ್ಪಿನ ಜಾಗದಲ್ಲೇ ಮೀನಿನ ಸಾರವಿದೆ. ಹೆಡ್‌ಮಾಸ್ತರರ ಮನೆಯವರು, ನಮಗೆಲ್ಲ ಅಮ್ಮನವರು, ಚಟ್ನಿಪುಡಿ, ಗೊಜ್ಜವಲಕ್ಕಿ, ಹುಣಸೆತೊಕ್ಕು ಹೊತ್ತು ತಂದಿದ್ದರು. ಆದರೆ ಅಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಂದು ಮೀನು ಮಾಂಸ ಬಿಡುವ ಬೌದ್ಧ ಮನೆಗಳು ಬೇಕಾದಷ್ಟಿವೆ ಎಂದು ತಿಳಿದಾಗ ಅವರ ಮುಖ ಅರಳಿತು. ಹುಣ್ಣಿಮೆಯ ದಿನ ಶುದ್ಧ ಸಸ್ಯಾಹಾರದ ಹೋಟೆಲಿಗೆ ಹೋದೆವು. ಕಾಲಿಡಲು ಜಾಗವಿಲ್ಲ. ಮೊದಲು ಬಂದದ್ದೇ ತಲೆ, ಬಾಲ, ರೆಕ್ಕೆ ಸಮೇತ ತಟ್ಟೆ ತುಂಬ ಮಲಗಿದ ಮೀನು. ಹಿಂದೆಯೇ ಹುರಿದ ಕೋಳಿ. ಅಮ್ಮನವರು ಸೆರಗು ಬಾಯಿಗೊತ್ತಿ ಎದ್ದೇ ನಿಂತರು. ಎಲ್ಲವೂ ಸೋಯಾ, ಗೋಧಿಯ ಅಂಟು, ಅಣಬೆ ಎಂದು ಗೈಡ್ ಆಣೆಯಿಟ್ಟಳು. ‘ತಿನ್ನಬಾರದ್ದನ್ನು ಬಿಟ್ಟಮೇಲೆ ಅದರ ಗೊಂಬೆ ಯಾಕೆ ಮಾಡಬೇಕು?’ ಎಂದು ಅಮ್ಮ ಕೇಳಿದರು. ನನ್ನ ಮಟ್ಟಿಗೆ, ಇಡೀ ಪ್ರವಾಸದಲ್ಲಿ ನಮ್ಮವರು ಕೇಳಿದ ಅತಿ ಗಂಭೀರ ಪ್ರಶ್ನೆ ಇದೇ. ಉತ್ತರ ಕಾಯದೆ ಮಾಂಸಾಹಾರಿಗಳು ಮೀನನ್ನು ಬಾಲದಿಂದ ಖಾಲಿ ಮಾಡಿದರು.

ಅಂಗಡಿ ಅಂಗಡಿಯಲ್ಲೂ ಬಾಗಿಲಿಗೆದುರಾಗಿ ನೆಲದ ಮೇಲೇ ಕೆಂಪು ಬಣ್ಣದ ದೇವರ ಗೂಡು. ಧನದ ದೇವರೂ ಆ ನೆಲದ ದೇವರೂ ಒಳಗೆ ಕೂತು ನಗುತ್ತಿರುತ್ತಾರೆ. ಊದುಬತ್ತಿ, ಹಣ್ಣು, ಹೂವು ನೋಡಿ ಅಮ್ಮನವರು ಒಪ್ಪಿದರು. ಪಕ್ಕದಲ್ಲಿ ಹಚ್ಚಿಟ್ಟ ಸಿಗರೇಟು ಮತ್ತು ಒಂದು ಲೋಟ ಕಾಫಿ ಕಂಡಮೇಲೆ ಮಾತ್ರ ಹೆಡ್‌ಮಾಸ್ತರರ ಕಡೆ ತಿರುಗಿ ‘ನೀವು ಇಂಥ ಊರಲ್ಲಿ ಹುಟ್ಟಬೇಕಿತ್ತು’ ಎಂದರು.

ಕಾಫಿ ಅಂದಾಗ ಚಿಕ್ಕಮಗಳೂರಿನ ತೋಟದ ಗೌಡರ ಕಥೆ ಹೇಳಲೇಬೇಕು. ಅವರು ವಿಯೆಟ್ನಾಮಿಗೆ ಬಂದದ್ದು ನೋಡಲಿಕ್ಕಲ್ಲ, ಲೆಕ್ಕ ಕೇಳಲಿಕ್ಕೆ. 1986ರಲ್ಲಿ ಆರ್ಥಿಕ ಸುಧಾರಣೆ ಶುರುವಾದಮೇಲೆ ಆ ದೇಶ ತನ್ನ ಮಧ್ಯದ ಬೆಟ್ಟಸೀಮೆಗೆಲ್ಲ ರೊಬಸ್ಟಾ ನೆಟ್ಟು, ಬ್ರೆಜಿಲ್ ಬಿಟ್ಟರೆ ತಾನೇ ಎಂಬಂತೆ ಬೆಳೆಯಿತು. 2001ರ ಸುಮಾರಿಗೆ ಜಗತ್ತಿನಲ್ಲಿ ಕಾಫಿ ಹೆಚ್ಚಾಗಿ ಬೆಲೆ ನೆಲಕಚ್ಚಿದಾಗ ನಮ್ಮ ಮಲೆನಾಡಿನ ಎಷ್ಟೋ ತೋಟಗಳು ಸಾಲದಲ್ಲಿ ಮುಳುಗಿದವು. ಗೌಡರು ಅದನ್ನು ಮರೆತಿಲ್ಲ. ಹನೋಯಿಯ ಗಲ್ಲಿಯಲ್ಲಿ ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬಾಬಾ ಬುಡನ್ ತಂದ ಏಳು ಬೀಜದ ಕಥೆ ಹೇಳುತ್ತ ಕೂತರು. ಲೋಟದ ಮೇಲೆ ಪುಟ್ಟ ತಗಡಿನ ಫಿಲ್ಟರು, ಕೆಳಗೆ ಸಿಹಿಯಾದ ಗಟ್ಟಿ ಡಬ್ಬಿ ಹಾಲು. ಡಿಕಾಕ್ಷನ್ ತೊಟ್ಟಿಕ್ಕುವುದನ್ನು ಕಾಯುತ್ತ ಕೂರುವುದೇ ಅಲ್ಲಿನ ಅರ್ಧ ಸುಖ. ಗೌಡರು ಒಂದು ಗುಟುಕು ಹೀರಿ ಸುಮ್ಮನಾದರು. ಇನ್ನೊಂದು ಲೋಟ ತರಿಸಿದರು. ‘ಚಿಕೋರಿ ಇಲ್ಲ ಕಣ್ರೀ’ ಎಂದರು, ಅಪರಾಧಿ ಪತ್ತೆಯಾಗದ ಪೊಲೀಸಿನವರ ದನಿಯಲ್ಲಿ. ಮೊಟ್ಟೆ ಕಾಫಿಗೂ ಕೈ ಹಾಕಿದರು. 1946ರಲ್ಲಿ ಹಾಲಿಗೆ ತತ್ವಾರವಾದಾಗ ನ್ಗುಯೆನ್ ವಾನ್ ಜಾಂಗ್ ಎಂಬ ಹೋಟೆಲ್ ಕೆಲಸಗಾರರು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ನೊರೆ ಬರುವಂತೆ ಕಡೆದು ಹಾಲಿನ ಜಾಗಕ್ಕೆ ಹಾಕಿದರಂತೆ. ಇಲ್ಲದ ಹಾಲಿಗೆ ಅಳುತ್ತ ಕೂರದ ಜನ. ಇದು ನಮ್ಮಲ್ಲಿ ಇಲ್ಲ ಎಂದು ಗೌಡರೇ ಒಪ್ಪಿಕೊಂಡರು. ಬೆಲೆ ಕುಸಿತದ ಲೆಕ್ಕ ಕೇಳುವುದನ್ನು ಮುಂದಿನ ಸಲಕ್ಕೆ ಇಟ್ಟುಕೊಂಡರು.

ಮಿ ಸೊನ್‌ನಲ್ಲಿ ನಮ್ಮ ಗುಂಪಿನ ಘೋಷಣೆ ತಾರಕಕ್ಕೇರಿತು. ಕಾಡಿನ ನಡುವೆ ಕೆಂಪು ಇಟ್ಟಿಗೆಯ ಶಿವಾಲಯಗಳು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಮ್ ಜನರ ಚಂಪಾ ರಾಜ್ಯದ ದೊರೆ ಭದ್ರವರ್ಮ ಇಲ್ಲಿ ಭದ್ರೇಶ್ವರ ಲಿಂಗವನ್ನು ಪ್ರತಿಷ್ಠಾಪಿಸಿದ. ಸಂಸ್ಕೃತದ ಶಾಸನಗಳಿವೆ. 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರ ಮಾಡುವಾಗ ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗವೇ ಸಿಕ್ಕಿತು. ಹೆಡ್‌ಮಾಸ್ತರರು ‘ನಮ್ಮದು, ಎಲ್ಲಾ ನಮ್ಮದು’ ಎನ್ನುತ್ತ ಒಂದು ಲಿಂಗದ ಮೇಲೆ ಬಾಟಲಿ ನೀರಿನಿಂದ ಅಭಿಷೇಕಕ್ಕೇ ಇಳಿದರು. ಕಾವಲಿನವನು ಸೀಟಿ ಊದಿದ. ಎಲ್ಲಾ ನಮ್ಮದೇ ಆದರೂ ಸೀಟಿ ಅವರದು.

1969ರ ಅಮೆರಿಕದ ಬಾಂಬುಗಳು ಇಲ್ಲಿನ ಬಹುಪಾಲು ಗುಡಿಗಳನ್ನು ಕೆಡವಿದವು. ಗೈಡ್ ಹುಡುಗಿ ಬಾಂಬು ಬಿದ್ದ ಹಳ್ಳ ತೋರಿಸಿ, ಈಗ ಅಮೆರಿಕದ ಪ್ರವಾಸಿಗರು ಒಳ್ಳೆಯ ಟಿಪ್ಸ್ ಕೊಡುತ್ತಾರೆ ಎಂದು ಹೇಳಿ ಮುಂದೆ ನಡೆದಳು. 1565ರಲ್ಲಿ ಹಾಳಾದ ಹಂಪಿಯ ಬಗ್ಗೆ ಬಸ್ಸಿನಲ್ಲಿ ಆಗತಾನೇ ಜಗಳವಾಡಿದ್ದ ನಾವು ಮುಖ ಮುಖ ನೋಡಿಕೊಂಡೆವು. ಇಷ್ಟು ಕಟ್ಟಿದ ಚಾಮ್ ಜನ ಏನಾದರು ಎಂದು ಭಟ್ಟರು ಕೇಳಿದರು. ಇನ್ನೂ ಇದ್ದಾರೆ, ದಕ್ಷಿಣದ ಫಾನ್ ರಾಂಗ್ ಸುತ್ತ ಅವರಲ್ಲೇ ಕೆಲವರು ಈಗಲೂ ಹಳೆಯ ಗೋಪುರದಲ್ಲಿ ಕಾತೆ ಹಬ್ಬದಂದು ಪೂಜೆ ಮಾಡುತ್ತಾರೆ ಎಂದಳು ಗೈಡ್. ಬಣ್ಣದ ಹಾಳೆ ತಿರುವಿದೆವು. ಮುತ್ತಿನ ಅಂಗಡಿ ಇತ್ತು, ರೇಷ್ಮೆ ಅಂಗಡಿ ಇತ್ತು, ಫಾನ್ ರಾಂಗ್ ಇರಲಿಲ್ಲ.

ಕೂ ಚಿಯಲ್ಲಿ ಯುದ್ಧಕಾಲದಲ್ಲಿ ಇನ್ನೂರು ಕಿಲೋಮೀಟರಿಗೂ ಮಿಕ್ಕ ಸುರಂಗಗಳಿದ್ದವು. ಪ್ರವಾಸಿಗರಿಗಾಗಿ ಅಗಲ ಮಾಡಿದ ತುಂಡಿನಲ್ಲೇ ಗೌಡರ ಹೊಟ್ಟೆ ತಕರಾರು ಮಾಡಿತು. ಹೊರಬಂದವರಿಗೆಲ್ಲ ಬೇಯಿಸಿದ ಮರಗೆಣಸು ಕೊಟ್ಟರು. ಅಲ್ಲಿನ ಹೋರಾಟಗಾರರ ಊಟವೇ ಅದಾಗಿತ್ತಂತೆ. ನಂಚಿಕೊಳ್ಳಲು ಕಡಲೆಕಾಯಿ, ಎಳ್ಳು, ಉಪ್ಪು ಕುಟ್ಟಿದ ಪುಡಿ. ಅಮ್ಮನವರು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟು, ಸ್ವಲ್ಪ ಯೋಚಿಸಿ, ತಮ್ಮ ಚೀಲದ ಡಬ್ಬಿ ಬಿಚ್ಚಿ ಬಡಿಸುವ ಹೆಂಗಸಿಗೆ ಒಂದು ಚಮಚ ಚಟ್ನಿಪುಡಿ ಹಾಕಿದರು. ಆಕೆ ತಿಂದು, ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೂ ಸ್ವಲ್ಪ ಎಂದು ಕೈ ಚಾಚಿದಳು. ಇಡೀ ಪ್ರವಾಸದಲ್ಲಿ ಎರಡು ದೇಶಗಳ ನಡುವೆ ನಡೆದ ನಿಜವಾದ ಕೊಡುಕೊಳ್ಳುವಿಕೆ ಇದೊಂದೇ ಎಂದು ನನ್ನ ತೀರ್ಮಾನ.

ನೀವೂ ಗುಂಪು ಕಟ್ಟಿಕೊಂಡು ಹೊರಟಿದ್ದರೆ ಒಂದು ಕೆಲಸ ಮಾಡಿ. ಮುಂಗಡ ಕೊಡುವ ಮೊದಲೇ ಟೂರಿನವರ ಹತ್ತಿರ ಕೂತು ಮುತ್ತಿನ ಅಂಗಡಿಯನ್ನೂ ರೇಷ್ಮೆ ಅಂಗಡಿಯನ್ನೂ ಹೊಡೆಸಿಹಾಕಿ, ಫಾನ್ ರಾಂಗ್ ಸೇರಿಸಿ ಎಂದು ಹಟ ಹಿಡಿಯಿರಿ. ಒಬ್ಬರು ಕೇಳಿದರೆ ಆಗುವುದಿಲ್ಲ ಅನ್ನುತ್ತಾರೆ. ಬಸ್ಸು ತುಂಬ ಜನ ಕೇಳಿದರೆ ದಾರಿ ಹುಡುಕುತ್ತಾರೆ. ಗುಂಪಿನಲ್ಲಿ ಹೋಗುವುದರಿಂದ ಇರುವ ದೊಡ್ಡ ಲಾಭ ಅದೇ, ಅದನ್ನು ಬಿಡಬೇಡಿ.