ಮೊಣಕಾಲಿನ ಗುಳಿಗೆ

ಬೈಲಹೊಂಗಲದ ಸಂತೆಯಲ್ಲಿ ನಿಂತು, ತಲೆ ನೋಯುತ್ತಿದೆಯೆಂದು ಒಮ್ಮೆ ಗಟ್ಟಿಯಾಗಿ ನುಡಿದು ನೋಡಿರಿ. ಅದುವರೆಗೆ ಹತ್ತಿಯ ದರವನ್ನು ಕುರಿತು ಕದನಕ್ಕೆ ನಿಂತಿದ್ದ ಮಹನೀಯರೆಲ್ಲ ತಮ್ಮ ಲೌಕಿಕ ವ್ಯವಹಾರವನ್ನು ತತ್‌ಕ್ಷಣವೇ ತೊರೆದು, ಒಬ್ಬರು ಪಿತ್ತವೆಂದೂ ಇನ್ನೊಬ್ಬರು ದೃಷ್ಟಿಯೆಂದೂ ನಿದಾನ ಹೇಳುತ್ತಿರುವಾಗಲೇ, ಮೂರನೆಯವರು ಅಂಗಿಯ ಕಿಸೆಯಿಂದ ಗುಳಿಗೆಯೊಂದನ್ನು ತೆಗೆದು ನಿಮ್ಮ ಅಂಗೈಯಲ್ಲಿಟ್ಟುಬಿಡುತ್ತಾರೆ. ವೈದ್ಯನಾಗುವುದಕ್ಕೆ ಪದವಿ ಬೇಕೆಂಬ ನಿಯಮವು ನಮ್ಮ ಸೀಮೆಯ ಮಟ್ಟಿಗೆ ಸರಕಾರದ ಕಾಗದಪತ್ರಗಳಲ್ಲಿ ಮಾತ್ರ ಉಂಟು.

ಈ ಸ್ವಯಂಭೂ ವೈದ್ಯವೃಂದದಲ್ಲಿ ಅಗ್ರಪೂಜೆಗೆ ಅರ್ಹಳಾದವಳು ಸವದತ್ತಿಯ ನಮ್ಮ ಸೋದರತ್ತೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರತಕ್ಕ ಬಂಧುಬಳಗವೆಲ್ಲ ಅವಳ ಮನೆಯಲ್ಲಿಳಿದು, ಮರಳುವಾಗ ಹಣೆಗೆ ಭಂಡಾರ ಹಚ್ಚಿಕೊಂಡು, ಮಿಕ್ಕ ಗುಳಿಗೆಗಳನ್ನು ಅಲ್ಲಿಯೇ ಬಿಟ್ಟುಹೋಗುವುದು ಸಂಪ್ರದಾಯವಾಗಿರುವುದರಿಂದ, ಅವಳ ಬಿಸ್ಕೀಟಿನ ಡಬ್ಬಿಯು ಕಾಲಕ್ರಮದಲ್ಲಿ ಔಷಧಾಲಯದ ಪದವಿಗೇರಿದೆ. ಅದರೊಳಗಿನ ವರ್ಗೀಕರಣವು ಅಂಗಾನುಸಾರಿಯಾದುದು: ತಲೆಯವು ಒಂದು ಕಡೆ, ಹೊಟ್ಟೆಯವು ಒಂದು ಕಡೆ, ಮೊಣಕಾಲಿನವು ಕೆಂಪು ದಾರ ಕಟ್ಟಿಸಿಕೊಂಡು ಮತ್ತೊಂದು ಕಡೆ. ತಲೆನೋವಿಗೆಂದು ನಾನು ಕೆಂಪು ದಾರದ ಕಟ್ಟಿಗೆ ಕೈಯಿಕ್ಕಿದಾಗ ಅವಳು ತಡೆದಳು: “ಅದು ಮೊಣಕಾಲಿಂದು, ತಮ್ಮಾ. ತಲಿಗೆ ತಗೊಂಡ್ರ ದಾರಿ ತಪ್ಪತೈತಿ.”

ಗುಳಿಗೆಯು ವಿಳಾಸ ಬಲ್ಲುದೆಂಬ ಈ ನಂಬಿಕೆ ಎಷ್ಟು ಮನೋಹರವೋ ಅಷ್ಟೇ ನಿರಾಧಾರ. ನುಂಗಿದ ಗುಳಿಗೆಯು ಕರಗಿ ರಕ್ತವನ್ನು ಸೇರಿತೆಂದರೆ, ಸುಮಾರು ಒಂದು ನಿಮಿಷದಲ್ಲಿ ದೇಹವನ್ನೆಲ್ಲ ಪ್ರದಕ್ಷಿಣೆ ಮಾಡಿಬಿಡುವ ಆ ಪ್ರವಾಹದಲ್ಲಿ ಅದಕ್ಕೆ ಮೊಣಕಾಲೂ ಒಂದೇ, ಮೂಗಿನ ತುದಿಯೂ ಒಂದೇ. ತನ್ನ ಆಕೃತಿಗೆ ಒಪ್ಪತಕ್ಕ ಅಣುವು ಎಲ್ಲಿ ದೊರೆಯುವುದೋ ಅಲ್ಲಿ ನಿಲ್ಲುವುದು, ದೊರೆಯದಿದ್ದರೆ ಮುಂದೆ ಸಾಗುವುದು. ಕಿಣ್ವಗಳ ವಿಷಯದಲ್ಲಿ ಈ ಒಪ್ಪಿಗೆಯನ್ನು ಜರ್ಮನಿಯ ಎಮಿಲ್ ಫಿಷರನು 1894ರಲ್ಲಿಯೇ ಕೀಲಿಗೂ ಕೀಲಿಕೈಗೂ ಹೋಲಿಸಿದನು. ಔಷಧವನ್ನು ಹಿಡಿಯತಕ್ಕ ಗ್ರಾಹಕ ದ್ರವ್ಯವೊಂದು ಜೀವಕೋಶಗಳಲ್ಲಿ ಇರಲೇಬೇಕೆಂದು ಕೇಂಬ್ರಿಜ್ಜಿನ ಲ್ಯಾಂಗ್ಲಿಯು 1905ರಲ್ಲಿ ಸಾರಿದನು. ಸೊಂಟದಲ್ಲಿ ಸದಾ ಕೀಲಿಕೈಗಳ ಗೊಂಚಲನ್ನು ಸಿಕ್ಕಿಸಿಕೊಂಡಿರುವ ಅತ್ತೆಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ದಮ್ಮಿನವರು ಸೇದುವ ಸಾಲ್ಬುಟಮಾಲ್, ಶ್ವಾಸನಾಳದ ಗ್ರಾಹಕವನ್ನು ಹೊಕ್ಕು ತಿರುಗಿ, ಬಿಗಿದ ನಾಳವನ್ನು ಸಡಿಲಿಸುವ ಸಾಚಾ ಕೀಲಿಕೈ. ಜೇಮ್ಸ್ ಬ್ಲ್ಯಾಕ್ ರೂಪಿಸಿದ ಪ್ರೊಪ್ರನೊಲಾಲ್ ಒಳಹೊಕ್ಕರೂ ತಿರುಗದು. ತೂತನ್ನು ತುಂಬಿ ಕುಳಿತು, ಗಾಬರಿಯ ಹೊತ್ತಿನಲ್ಲಿ ಧಾವಿಸಿ ಬರುವ ಅಡ್ರಿನಲಿನ್ನನ್ನು ಹೃದಯದ ಹೊಸ್ತಿಲಲ್ಲಿಯೇ ನಿಲ್ಲಿಸುವುದು. ಆಸ್ಪಿರಿನ್ನಾದರೋ ಒಳಗೇ ಮುರಿದುಕೊಳ್ಳುವ ಜಾತಿಯದು: ನೋವು-ಬಾವುಗಳನ್ನು ಕೆರಳಿಸುವ ಪ್ರೊಸ್ಟಗ್ಲಾಂಡಿನ್ನುಗಳ ತಯಾರಿಕೆಯನ್ನು ಅದು ತಡೆಯುವುದೆಂದು ಜಾನ್ ವೇನ್ 1971ರಲ್ಲಿ ತೋರಿಸಿದನು, ಆ ತಯಾರಿಕೆಯ ಕಿಣ್ವವನ್ನು ಅದು ಶಾಶ್ವತವಾಗಿ ಕೆಡಿಸುವುದರಿಂದ, ಕೋಶಕೇಂದ್ರವಿಲ್ಲದ ಕಾರಣ ಹೊಸ ಕಿಣ್ವವನ್ನು ಮಾಡಿಕೊಳ್ಳಲಾರದ ರಕ್ತದ ಪ್ಲೇಟ್‌ಲೆಟ್ಟುಗಳು ವಾರ-ಹತ್ತು ದಿನದ ತಮ್ಮ ಆಯುಷ್ಯವನ್ನೆಲ್ಲ ಆ ಮುರುಕಿನೊಂದಿಗೇ ಕಳೆಯಬೇಕಾಗುವುದು.

ಮೊಣಕಾಲಿನ ಗುಳಿಗೆಯೂ ಇದೇ ಕುಲದ್ದು. ಅದು ತಡೆಯುವ ಕಿಣ್ವವೇ ಜಠರದಲ್ಲಿ ಒಳಪೊರೆಯನ್ನು ಆಮ್ಲದಿಂದ ಕಾಪಾಡತಕ್ಕ ಪುಣ್ಯಕಾರ್ಯದಲ್ಲಿಯೂ ತೊಡಗಿರುವುದರಿಂದ, ಕಾಲಿನ ಕ್ಲೇಶ ಕಳೆದು ಹೊಟ್ಟೆಯ ಉರಿ ಹುಟ್ಟುವುದು. ಆಗ ಡಬ್ಬಿಯಿಂದ ಹೊಟ್ಟೆಯ ಗುಳಿಗೆ ಹೊರಡುವುದು. ಈ ಓಮೆಪ್ರಝೋಲಿನ ಚರಿತ್ರೆ ಮತ್ತೂ ವಿಚಿತ್ರ. ಆಮ್ಲವನ್ನು ಅಡಗಿಸಲೆಂದು ಹೊರಟ ಅದು ಸ್ವತಃ ಆಮ್ಲದಲ್ಲಿ ನಾಶವಾಗುವುದಾದುದರಿಂದ, ಮೈಗೆ ಲೇಪನವನ್ನು ಧರಿಸಿ, ಜಠರವನ್ನು ಮೌನವಾಗಿ ದಾಟಿ, ಕರುಳಿನಲ್ಲಿ ಕರಗಿ, ರಕ್ತದ ದಾರಿಯಾಗಿ ಹಿಂದಿರುಗಿ ಜಠರದ ಆಮ್ಲೋತ್ಪಾದಕ ಕೋಶಗಳನ್ನು ಸೇರಬೇಕು. ಇಷ್ಟೆಲ್ಲ ಉಪಾಯವನ್ನು ವಿಜ್ಞಾನಿಗಳು ಹೂಡಿದ್ದರೆ, ನುಂಗುವುದಕ್ಕೆ ತೊಡಕೆಂದು ಅತ್ತೆಯು ಕ್ಯಾಪ್ಸೂಲನ್ನು ಬಿಚ್ಚಿ, ಒಳಗಿನ ಕಾಳುಗಳನ್ನು ಎಲೆಯಡಿಕೆಯ ಕುಟ್ಟಾಣಿಯಲ್ಲಿ ಹಾಕಿ ನುಣ್ಣಗೆ ಕುಟ್ಟಿ, ಬೆಲ್ಲದೊಡನೆ ಸೇವಿಸುತ್ತಾಳೆ.

ರಾಮದುರ್ಗದ ನಮ್ಮ ಮಾವನವರು ಇಂಗ್ಲಿಷ್ ಔಷಧದ ಆಜನ್ಮ ವೈರಿಗಳು. ಕಟ್ಟೆಯ ಮೇಲೆ ಕುಳಿತು ಎಲೆ, ಅಡಿಕೆ, ಸುಣ್ಣ, ತಂಬಾಕುಗಳನ್ನು ಮೆಲ್ಲುತ್ತ, ಗುಳಿಗೆ ನುಂಗುವವರನ್ನು ಕಂಡು ಮರುಗುವರು. ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್ನಿಗೆ ಗ್ರಾಹಕಗಳ ಎರಡು ಕುಲಗಳಿದ್ದು, ತಂಬಾಕಿನ ನಿಕೋಟಿನ್ ಒಂದನ್ನೂ ಅಡಿಕೆಯ ಅರಿಕೋಲಿನ್ ಇನ್ನೊಂದನ್ನೂ ಎಬ್ಬಿಸುವುವೆಂದೂ, ಸುಣ್ಣವು ನಿಕೋಟಿನ್ನನ್ನು ಬಿಡಿಸಿ ಕೆನ್ನೆಯ ಒಳಚರ್ಮವನ್ನು ಹಾಯಿಸುವುದೆಂದೂ, ಹೀಗಾಗಿ ಬೆಳಗಾವಿ ಜಿಲ್ಲೆಯಲ್ಲಿ ತಮ್ಮಷ್ಟು ನಿಷ್ಠೆಯಿಂದ ಔಷಧ ಸೇವಿಸುವವರು ವಿರಳವೆಂದೂ ನಾನು ಬಿನ್ನವಿಸಿದರೆ, ಅವರು ಉತ್ತರ ಕೊಡುವುದಿಲ್ಲ, ಬಾಯಿ ತುಂಬಿರುತ್ತದೆ.

ಔಷಧಗಳೂ ನಮ್ಮಂತೆಯೇ ಮರ್ತ್ಯವಾದುವು. ಗುಳಿಗೆಯ ಬಾಳ್ವಿಕೆಯನ್ನು ಬೇಗನೆ ಅಳೆಯಬೇಕಾದಾಗ ತಜ್ಞರು ಅದನ್ನು 40 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ, ನೂರಕ್ಕೆ 75ರಷ್ಟು ತೇವದಲ್ಲಿ, 6 ತಿಂಗಳು ಇಟ್ಟು ನೋಡುವರು. ಈ ಪರೀಕ್ಷೆಯ ಪೂರ್ವಾರ್ಧವನ್ನು ರಾಮದುರ್ಗದ ವೈಶಾಖವೂ ಉತ್ತರಾರ್ಧವನ್ನು ಮಲೆನಾಡಿನ ಸೆರಗಿಗಂಟಿದ ಕಿತ್ತೂರಿನ ಶ್ರಾವಣವೂ ನಮಗೆ ಉಚಿತವಾಗಿ ನಡೆಸಿಕೊಡುತ್ತವೆ. ಕಿತ್ತೂರಿನ ತಂಗಿಯ ಮನೆಯಲ್ಲಿ ಮಳೆಗಾಲದ ಆಸ್ಪಿರಿನ್ ಹುಳಿವಾಸನೆ ಬೀರಿದರೆ ಆಶ್ಚರ್ಯವಿಲ್ಲ. ತೇವ ತಗಲಿದ ಅದು ಸ್ಯಾಲಿಸಿಲಿಕ್ ಆಮ್ಲವಾಗಿಯೂ ಸಿರ್ಕೆಯ ಆಮ್ಲವಾಗಿಯೂ ಒಡೆದುಹೋಗಿರುತ್ತದೆ. ರಾಮದುರ್ಗದ ಅತ್ತೆಮ್ಮನವರು ಸಕ್ಕರೆ ಬೇನೆಯ ಇನ್ಸುಲಿನ್ನನ್ನು, ಕರೆಂಟು ಹೋದಾಗ, ಒಂದರೊಳಗೊಂದು ಕೂಡಿಸಿದ ಎರಡು ಮಡಕೆಗಳ ನಡುವೆ ಒದ್ದೆ ಮರಳು ತುಂಬಿ ಕಾಪಾಡುತ್ತಾರೆ. ನೀರು ಆವಿಯಾಗಿ ತಂಪು ಹುಟ್ಟಿಸುವ ಈ ಏರ್ಪಾಡು ರಾಮದುರ್ಗದ ಒಣಗಾಳಿಯಲ್ಲಿ ಫಲಿಸುವಷ್ಟು ಕಿತ್ತೂರಿನ ಜಡಿಮಳೆಯಲ್ಲಿ ಫಲಿಸದು. ಅತಿಭಕ್ತಿಯಿಂದ ಬರ್ಫದ ಅರೆಯಲ್ಲಿಟ್ಟು ಹೆಪ್ಪುಗಟ್ಟಿಸಿದರೂ ಇನ್ಸುಲಿನ್ ಕೆಟ್ಟಿತೆಂದೇ ತಿಳಿಯಬೇಕು.

ಇವೆಲ್ಲವನ್ನೂ ಸಾವಧಾನವಾಗಿ ಕೇಳಿದ ಅತ್ತೆಯು ಜ್ವರದ ಗುಳಿಗೆಯನ್ನೆತ್ತಿ, ಇದು ಯಾವ ಕೀಲಿಯನ್ನು ತೆಗೆಯುವುದೆಂದು ಕೇಳಿದಳು. 1878ರಲ್ಲಿಯೇ ಸಿದ್ಧವಾದ ಪ್ಯಾರಾಸಿಟಮಾಲಿನ ಕಾರ್ಯವಿಧಾನದ ಬಗೆಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲವೆಂದೆ.

“ಅಂದ್ರ ಅವರಿಗೂ ಗೊತ್ತಿಲ್ಲ, ಆದ್ರೂ ಕೊಡ್ತಾರ. ನಾ ಕೊಟ್ರಷ್ಟ ತಪ್ಪೇನ?”

ಕೀಲಿ ಯಾವುದೆಂಬುದು ಇತ್ಯರ್ಥವಾಗದಿದ್ದರೂ ಅಳತೆಯನ್ನು ಅವರು ಬಲ್ಲರೆಂದೂ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಮ್ ಪರಮಾವಧಿಯೆಂದೂ, ಮಿತಿ ಮೀರಿದರೆ ಅದೇ ಗುಳಿಗೆ ಲಿವರನ್ನು ಸುಡುವುದೆಂದೂ, ವೈದ್ಯನಿಗೂ ಸಂತೆಯ ಮಹನೀಯರಿಗೂ ಇರತಕ್ಕ ಅಂತರ ಈ ಅಳತೆಯಲ್ಲಿಯೇ ಅಡಗಿದೆಯೆಂದೂ ನಾನು ನಿವೇದಿಸಿದೆ. ಅತ್ತೆಯ ಮುಖದಲ್ಲಿ ಜ್ಞಾನೋದಯದ ಪ್ರಸನ್ನತೆ ಮೂಡಿತು.

“ಹಂಗಾದ್ರ ಇದು ಲಿವರಿನ ಗುಳಗಿ ಆತಲ್ಲೋ, ತಮ್ಮಾ,” ಎಂದು ಅದಕ್ಕೊಂದು ಹಸಿರು ದಾರ ಕಟ್ಟಿದಳು.