ತಟ್ಟೆಯಲ್ಲಿ ಸೋರಿದ ಡೀಸೆಲ್

(ಗೋಣಿಕೊಪ್ಪದ ಒಂದು ಹಂದಿಮಾಂಸದ ಅಂಗಡಿ. ನಾಳೆ ಕೈಲ್ ಮುಹೂರ್ತ ಹಬ್ಬ. ಅಂಗಡಿಯ ಪೂವಮ್ಮ, ಹುಣಸೂರು ಕಡೆಯಿಂದ ಹಂದಿ ತರುವ ಪಿಕಪ್ ಡ್ರೈವರ್ ಸೋಮಣ್ಣ, ಮಾಂಸಕ್ಕೆಂದು ಬಂದು ಪಂಚಾಯ್ತಿಗೆ ಸಿಕ್ಕಿಬಿದ್ದ ನಿವೃತ್ತ ಪಶುವೈದ್ಯರು.)

ಪೂವಮ್ಮ: ಸೋಮಣ್ಣ, ಈ ತಟ್ಟೆ ನೋಡು. ಬೆಳಿಗ್ಗೆ ಇಟ್ಟ ತೊಡೆ ಮಾಂಸ, ಈಗ ಅರ್ಧ ಲೋಟ ನೀರು ನಿಂತಿದೆ. ಬಣ್ಣವೋ, ಜ್ವರ ಬಿಟ್ಟವರ ಮುಖದ ಹಾಗೆ. ನೀನು ತಂದದ್ದು ಹಂದಿಯಾ, ನೀರಿನ ಟ್ಯಾಂಕರಾ?

ಸೋಮಣ್ಣ: ಅಕ್ಕಾ, ಮಾದಪ್ಪನಾಣೆ ನಾನೊಂದು ಹನಿ ನೀರೂ ಹಾಕಿಲ್ಲ!

ಡಾಕ್ಟರು: ತಪ್ಪೇ ಅದು ಕಣಯ್ಯ. ಹಂದಿಗೆ ಬೆವರಿ ಮೈ ತಣಿಸಿಕೊಳ್ಳೋಕೆ ಬರಲ್ಲ. ಕೆಸರಲ್ಲಿ ಹೊರಳಬೇಕು, ಇಲ್ಲ ಏದುಸಿರು ಬಿಡಬೇಕು. ನಿನ್ನ ಗಾಡಿಯಲ್ಲಿ ಕೆಸರಂತೂ ಇಲ್ಲ. ಗಾಡಿ ಓಡುವಾಗ ಒಂದಿಷ್ಟು ಗಾಳಿ ಆಡುತ್ತೆ, ನೀನು ಟೀಗೆ ನಿಲ್ಲಿಸಿದೆಯೋ ಅದೂ ಹೋಯ್ತು. ಸಾಲದ್ದಕ್ಕೆ ಮೂರು ಮನೆ ಹಂದಿ ಒಟ್ಟಿಗೆ ತುಂಬಿದೀಯ. ಗುರುತಿಲ್ಲದ ಹಂದಿಗಳು ಯಾರು ಯಜಮಾನ ಅಂತ ತೀರ್ಮಾನ ಆಗೋವರೆಗೂ ಕಚ್ಚಾಡ್ತವೆ. ಅಷ್ಟು ಕಾದ ಮೈಯನ್ನು ಇಳಿಸಿದ ಕೂಡಲೇ ಕೊಯ್ದರೆ, ಸ್ನಾಯುವಿನ ಸಕ್ಕರೆಯೆಲ್ಲ ಬಿಸಿ ಆರೋ ಮೊದಲೇ ಆಮ್ಲ ಆಗುತ್ತೆ. ಸಾಮಾನ್ಯವಾಗಿ ಪಿಎಚ್ 7ರಿಂದ 5.5ರ ಸುತ್ತಮುತ್ತ ಇಳಿಯೋಕೆ ಹಲವು ಗಂಟೆ ಬೇಕು. ಇಂಥ ಹಂದಿಯಲ್ಲಿ 45 ನಿಮಿಷಕ್ಕೇ 6ರ ಕೆಳಗೆ ಬಿದ್ದಿರುತ್ತೆ. ಬಿಸಿಯೂ ಹುಳಿಯೂ ಕೂಡಿದರೆ ಪ್ರೋಟೀನು ನೀರು ಹಿಡಿಯೋ ಶಕ್ತಿ ಕಳ್ಕೊಳ್ಳುತ್ತೆ. ಪೂವಮ್ಮನವರ ತಟ್ಟೆಗೆ ಬಂದದ್ದು ಆ ನೀರು.

ಸೋಮಣ್ಣ: ಮಾಂಸ ಆಗಲೇ ಹುಳಿ ಅಂದ್ರೆ ಹುಳಿಗೆ ಹಾಕೋ ಕಾಚಂಪುಳಿ ಖರ್ಚು ಉಳೀತಲ್ಲ ಸಾರ್!

ಪೂವಮ್ಮ: ಉಳಿದದ್ದನ್ನ ನಿನ್ನ ತಲೆಗೇ ಸುರಿತೀನಿ. ಮೊನ್ನೆ ರಾತ್ರಿಯೆಲ್ಲ ಅಲೆದು ತಂದೆಯಲ್ಲ, ಅದು ಕಪ್ಪು, ಅಂಟು. ಗಿರಾಕಿ ಹಳೇ ಮಾಲು ಅಂತ ವಾಪಸ್ ಕೊಟ್ಟರು.

ಡಾಕ್ಟರು: ಅದು ಇದರ ಅಣ್ಣ. ದೂರದ ದಾರಿ, ಹಸಿವು, ಗಂಟೆಗಟ್ಟಲೆ ಜಗಳ; ಕೊಯ್ಯೋ ಹೊತ್ತಿಗೆ ಸ್ನಾಯುವಿನಲ್ಲಿ ಸಕ್ಕರೆಯೇ ಇರಲ್ಲ. ಆಮ್ಲ ಹುಟ್ಟಲ್ಲ, ಪಿಎಚ್ 6ರ ಮೇಲೇ ನಿಲ್ಲುತ್ತೆ. ಮಾಂಸ ಕಪ್ಪಾಗಿ, ಬಿರುಸಾಗಿ, ಬೇಗ ಕೆಡುತ್ತೆ.

ಸೋಮಣ್ಣ: ಎಲ್ಲಾ ಡ್ರೈವರ್ ತಲೆಗೇ ಕಟ್ಟಬೇಡಿ ಸಾರ್. ಈಗಿನ ಸೀಮೆಹಂದಿ ಜಾತಿಯೇ ಹಂಗೆ, ಹಾರ್ನ್ ಹೊಡೆದರೂ ನಡುಗ್ತವೆ.

ಡಾಕ್ಟರು: ಅರ್ಧ ನಿಜ. ಕೆಲವು ತಳಿಗಳಲ್ಲಿ, ಮುಖ್ಯವಾಗಿ ಪಿಯೆಟ್ರೇನ್‌ನಲ್ಲಿ, ಗಾಬರಿ ತಡೆಯಲಾರದ ಜೀನ್ ದೋಷ ಇತ್ತು. 1991ರಲ್ಲಿ ಕೆನಡಾದವರು ಅದನ್ನು ಪತ್ತೆ ಹಚ್ಚಿದರು. ಎಷ್ಟೋ ಕಡೆ ರಕ್ತಪರೀಕ್ಷೆ ಮಾಡಿ ಆ ಜೀನನ್ನು ತಳಿಯಿಂದಲೇ ತೆಗೆದರು. ಆಮೇಲೂ ನೀರು ಸೋರೋದು ಕಡಿಮೆಯಾಯ್ತೇ ಹೊರತು ನಿಲ್ಲಲಿಲ್ಲ. ಜೀನ್ ಹೋಯ್ತು, ಸೋಮಣ್ಣ ಉಳಿದ.

ಸೋಮಣ್ಣ: ಹೆಂಗೂ ಸಾಯೋ ಪ್ರಾಣಿಗೆ ಎರಡು ಗಂಟೆ ಸುಖ ಯಾಕೆ ಅಂತೀನಿ.

ಡಾಕ್ಟರು: ಆ ಎರಡು ಗಂಟೆ ಅದು ಬದುಕಿರುತ್ತಲ್ಲ, ಅದಕ್ಕೆ. ಇನ್ನೊಂದು ಮಾತು. ಇಳಿಸಿದ ಮೇಲೆ ಎರಡು ಮೂರು ಗಂಟೆ ನೆರಳು, ನೀರು ಕೊಟ್ಟರೆ ನರಳಿದ ಹಂದಿಯ ಮಾಂಸವೂ ಎಷ್ಟೋ ಸುಧಾರಿಸಬಹುದು. ಹಾಗಾಗಿ ಮಾಂಸ ಚೆನ್ನಾಗಿದೆ ಅಂದಮಾತ್ರಕ್ಕೆ ದಾರಿ ಚೆನ್ನಾಗಿತ್ತು ಅನ್ನೋಕಾಗಲ್ಲ. ಅದಕ್ಕೇ ಕಾನೂನು ತಟ್ಟೆ ನೋಡಲ್ಲ, ಗಾಡಿ ನೋಡುತ್ತೆ. ನಮ್ಮ 1978ರ ಪ್ರಾಣಿ ಸಾಗಣೆ ನಿಯಮಗಳಿಗೆ 2001ರಲ್ಲಿ ಹಂದಿಯೂ ಸೇರಿದೆ. ಪ್ರಯಾಣಕ್ಕೆ ಯೋಗ್ಯ ಅನ್ನೋ ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಯುರೋಪಿನಲ್ಲಂತೂ 100 ಕೆ.ಜಿ. ಆಸುಪಾಸಿನ ಹಂದಿಯಾದರೆ ಚದರ ಮೀಟರಿಗೆ 235 ಕೆ.ಜಿ. ಮೀರಬಾರದು. ನಿನ್ನ ಪಿಕಪ್ಪಿನ ಹಿಂಬದಿ ನಾಲ್ಕು ಚದರ ಮೀಟರ್ ಅಂದ್ಕೋ. ಒಂಬತ್ತು ಹಂದಿ. ನೀನು ತಂದದ್ದು?

ಸೋಮಣ್ಣ: ಹದಿನಾಲ್ಕು. ಅದರಲ್ಲಿ ಎರಡು ಸಣ್ಣವು ಸಾರ್.

ಪೂವಮ್ಮ: ಕೇಳಿದ್ರಾ!

ಡಾಕ್ಟರು: ಕೇಳಿದೆ. ಈಗ ನಿಮ್ಮನ್ನ ಕೇಳ್ತೀನಿ. ಇವನಿಗೆ ಬಾಡಿಗೆ ಹೇಗೆ ಕೊಡ್ತೀರಿ?

ಪೂವಮ್ಮ: ತಲೆಗಿಷ್ಟು ಅಂತ. ಎಲ್ಲರೂ ಹಾಗೇ ಕೊಡೋದು.

ಡಾಕ್ಟರು: ಸರಿ ಹೋಯ್ತು. ಒಂದು ತಲೆ ಜಾಸ್ತಿ ತುರುಕಿದರೆ ಲಾಭ ಅವನಿಗೆ, ಸೋರೋ ನೀರಿನ ನಷ್ಟ ನಿಮಗೆ, ಉಸಿರುಗಟ್ಟೋದು ಹಂದಿಗೆ. ಅವನು ಯಾಕೆ ಕಡಿಮೆ ತುಂಬ್ತಾನೆ? ಅವನು ಉಳಿಸಿದ ಒಂದು ಟ್ರಿಪ್ಪಿನ ಡೀಸೆಲ್ಲೇ ನಿಮ್ಮ ತಟ್ಟೆಯಲ್ಲಿ ಹನಿಹನಿಯಾಗಿ ಇಳೀತಿರೋದು, ಬಣ್ಣ ಮಾತ್ರ ಬೇರೆ. ಬಾಡಿಗೆಯನ್ನ ಗಾಡಿಗಿಷ್ಟು ಅಂತ ಮಾಡಿ, ಒಂಬತ್ತಕ್ಕೆ ಮಿತಿ ಹಾಕಿ. ಮಾರನೇ ದಿನ ಮಾಂಸ ನೀರು ಬಿಡದಿದ್ದರೆ ಮೇಲೊಂದಿಷ್ಟು ಕೊಡಿ.

ಪೂವಮ್ಮ: ಹಾಗಾದರೆ ಎರಡು ಗಾಡಿ ಬಾಡಿಗೆ ಆಯ್ತಲ್ಲ ಡಾಕ್ಟ್ರೇ! ಕಿಲೋಗೆ ರೇಟು ಏರಿಸಿದರೆ ಗಿರಾಕಿ ಬಿಡ್ತಾರಾ?

ಡಾಕ್ಟರು: ಒಂದು ವಾರ ತಟ್ಟೆಯ ನೀರನ್ನ ತಕ್ಕಡಿಗೆ ಹಾಕಿ, ಮಾಂಸದ ರೇಟಿಗೆ ಗುಣಿಸಿ, ಬಾಡಿಗೆ ಪಕ್ಕ ಬರೆದು ನೋಡಿ. ಹಿಂದಕ್ಕೆ ಬಂದ ಮಾಲನ್ನೂ ಸೇರಿಸಿ. ಬಾಡಿಗೆಯೇ ಜಾಸ್ತಿ ಬಂದರೆ ನನ್ನನ್ನ ಬೈಯಿರಿ.

ಸೋಮಣ್ಣ: ಅದು ಸರಿ ಅಕ್ಕಾ, ದಾರೀಲಿ ಹಂದಿಗೆ ನೀರು ಹೊಡಿಬೇಕಲ್ಲ, ಆ ಪೈಪು ಯಾರ ಲೆಕ್ಕಕ್ಕೆ?

ಪೂವಮ್ಮ: ನಿನ್ನ ಲೆಕ್ಕಕ್ಕೆ. ಟೀ ಬಿಡು, ಪೈಪು ಬರುತ್ತೆ.

ಸೋಮಣ್ಣ: ಟೀ ಬಿಟ್ಟರೆ ನನಗೆ ಗಾಬರಿ ಆಗುತ್ತೆ ಸಾರ್. ನನ್ನ ಪಿಎಚ್ ಯಾರು ನೋಡ್ತಾರೆ?