ಕಷಾಯದ ಕಾಕಾ

ಹೊಸಪೇಟೆಯ ಯಾವ ಓಣಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಮ್ಮ ಓಣಿಯವರಿಗೆ ಹುಡುಗರು ಇಟ್ಟ ಹೆಸರು ಕಷಾಯದ ಕಾಕಾ. ಸಂಡೂರು ಕಡೆಯ ಗಣಿಯೊಂದರ ಲೆಕ್ಕದ ಕೋಣೆಯಲ್ಲಿ ಮೂವತ್ತು ವರ್ಷ ಕೂತೆದ್ದವರು. ನಿವೃತ್ತಿಯ ದಿನ ಕೊರಳಿಗೆ ಬಿದ್ದ ಚೆಂಡು ಹೂವಿನ ಹಾರವನ್ನು ಎಸೆಯಲು ಮನಸ್ಸು ಬಾರದೆ ಒಣಗಿಸಿ, ಬೀಜ ಉದುರಿಸಿ, ಮಾಳಿಗೆ ಮೇಲಿನ ಡಬ್ಬಿಗೆ ಹಾಕಿದರು. ಅದು ಮೊಳೆಯಿತು. ಓಣಿಯ ಗ್ರಹಚಾರ ಶುರುವಾದದ್ದೂ ಅಲ್ಲಿಂದಲೇ.

ಕೆಲಸ ಬಿಟ್ಟರೂ ಲೆಕ್ಕ ಬಿಡಲಿಲ್ಲ. ಪ್ರತಿ ಖರ್ಚಿಗೊಂದು ವೋಚರ್ ಇರಬೇಕು, ಪ್ರತಿ ಹುಳಕ್ಕೊಂದು ಗಿಡ ಇರಬೇಕು. ಇಲ್ಲದಿದ್ದರೆ ದೇವರ ಲೆಕ್ಕ ತಾಳೆಯಾಗುವುದಿಲ್ಲ ಎಂಬುದು ಅವರ ಪಕ್ಕಾ ನಂಬಿಕೆ. ಬೆಳಿಗ್ಗೆ ಹಾಲಿನವನಿಗೆಂದು ಬಾಗಿಲು ತೆರೆದರೆ ಎದುರಿಗೆ ಕಾಕಾ. ನಮಸ್ಕಾರವಿಲ್ಲ, ಆರಾಮೇನ್ರಿ ಎಂಬುದಿಲ್ಲ. “ನಿಮ್ಮ ದಾಸವಾಳಕ್ಕ ಹಿಟ್ಟುತಿಗಣಿ ಹತ್ತೈತಿ. ನೋಡಿರೋ ಇಲ್ಲೋ?” ನಾವು ನೋಡಿರುವುದಿಲ್ಲ. ನಮ್ಮ ಕಾಂಪೌಂಡಿನೊಳಗೆ ಇವರು ಯಾವಾಗ ನೋಡಿದರು ಎಂದು ಕೇಳುವ ಧೈರ್ಯವೂ ಇರುವುದಿಲ್ಲ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಟೊಮೆಟೊ ಬೆಳೆಯುವವರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದಾರೆ. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಟೊಮೆಟೊ ಸಸಿಗೆ 25 ದಿನ, ಚೆಂಡು ಹೂವಿನ ಸಸಿಗೆ 45 ದಿನ ತುಂಬಿರಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಪತಂಗ ಹಳದಿ ಹೂವಿಗೆ ಮರುಳಾಗಿ ಅಲ್ಲೇ ಮೊಟ್ಟೆಯಿಡುತ್ತದೆ, ಟೊಮೆಟೊ ಉಳಿಯುತ್ತದೆ. ಅಂದರೆ ಚೆಂಡು ಹೂ ಹುಳವನ್ನು ಓಡಿಸುವುದಿಲ್ಲ, ಕರೆದು ಕೂರಿಸಿಕೊಳ್ಳುತ್ತದೆ. ಕಾಕಾ ಇದನ್ನು ಓದಿದವರೇ ಮಾಳಿಗೆ ಮೇಲೆ ಬಣ್ಣದ ಡಬ್ಬಿ 16ರಲ್ಲಿ ಟೊಮೆಟೊ ಹಚ್ಚಿ, 17ನೆಯದರಲ್ಲಿ ಒಂದು ಚೆಂಡು ಹೂ ಹಚ್ಚಿದರು. ಅದು ಹೊಲದ ಸಾಲಿನ ಲೆಕ್ಕ, ಡಬ್ಬಿಯದಲ್ಲ ಎಂದೆ. “ಅನುಪಾತ ಅನುಪಾತಾನ ಅಲ್ಲೇನ್ರಿ?” ಅಂದರು. ಲೆಕ್ಕದವರೊಡನೆ ಯಾರು ವಾದ ಮಾಡಬೇಕು?

ಹೋದ ವರ್ಷ ಆಯುಧ ಪೂಜೆಯ ಬೆಳಿಗ್ಗೆ ಆ 17ನೆಯ ಡಬ್ಬಿ ಬೋಳಾಗಿತ್ತು. ಎದುರುಮನೆಯ ಹುಡುಗನ ಬೈಕಿಗೆ ಹಾರ ಬಿದ್ದಿತ್ತು. ಕಾಕಾ ಬೈಕಿನ ಮುಂದೆ ನಿಂತು ಹೂವು ಎಣಿಸಿದರು. ಹನ್ನೊಂದು. ಯಾವ ಗಿಡದಲ್ಲಿ ಎಷ್ಟು ಹೂವಿದ್ದವೆಂದು ಅವರ ಪುಸ್ತಕದಲ್ಲಿ ಬರೆದಿತ್ತು. ಹಬ್ಬದ ದಿನ ಬಯ್ಯುವಂತಿಲ್ಲ. ಕೊಟ್ಟ ಪ್ರಸಾದದ ಕಲ್ಲುಸಕ್ಕರೆ ಕಡಿಯುತ್ತಾ ಮನೆಗೆ ಬಂದರು.

ಬೇವಿನ ವಿಷಯ ತೆಗೆದರಂತೂ ನೀವು ಕುರ್ಚಿ ಹುಡುಕಿಕೊಳ್ಳುವುದು ಒಳ್ಳೆಯದು. ಬೇವಿನೆಣ್ಣೆಯಿಂದ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆಯೂ ಗ್ರೇಸ್ ಕಂಪನಿಯೂ ಯುರೋಪಿನಲ್ಲಿ ಪಡೆದ ಪೇಟೆಂಟು 2000ದಲ್ಲಿ ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ನಮ್ಮ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿಯವರೂ ಆ ಹೋರಾಟದಲ್ಲಿದ್ದರು. ಇಷ್ಟು ಇತಿಹಾಸ. ಕಾಕಾ ಹೇಳುವಾಗ ಮಾತ್ರ ಮ್ಯೂನಿಕ್ಕಿನ ಕಟಕಟೆಯಲ್ಲಿ ಅವರೇ ಬೇವಿನ ಟೊಂಗೆ ಹಿಡಿದು ನಿಂತಿದ್ದಂತೆ ಕೇಳಿಸುತ್ತದೆ. ನಾನು ಈ ಕಥೆಯನ್ನು ಮೂರು ಮದುವೆ, ಒಂದು ಸೀಮಂತದಲ್ಲಿ ಕೇಳಿದ್ದೇನೆ.

ಅವರ ಬೇವಿನ ಬೀಜದ ಕಷಾಯ ಒಳ್ಳೆಯದೇ, ಸುಳ್ಳು ಹೇಳಬಾರದು. ಲೀಟರಿಗೆ 50 ಗ್ರಾಂ ಬೀಜದ ತಿರುಳು ಕುಟ್ಟಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚಿಟಿಕೆ ಸೋಪಿನ ಪುಡಿ ಕಲಸಿ, ಇಳಿಹೊತ್ತಿಗೆ ಹೊಡೆಯುತ್ತಾರೆ. ಬಿಸಿಲು ಬಿದ್ದರೆ ಅದರ ಕಸುವು ಹೋಗುತ್ತದೆ. ಅದನ್ನು ತಿಂದ ಹುಳ ತಕ್ಷಣ ಸಾಯುವುದಿಲ್ಲ. ಊಟ ರುಚಿಸದೆ, ಪೊರೆ ಕಳಚಲಾಗದೆ ಸೊರಗುತ್ತದೆ. ರಗಳೆಯಾದದ್ದು ಅಗ್ನಿಅಸ್ತ್ರದಿಂದ. ನೈಸರ್ಗಿಕ ಕೃಷಿಯ ಪಾಳೇಕರರ ಪದ್ಧತಿಯ ಆ ಖಾರದ ಕಷಾಯಕ್ಕೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಹೆಂಡತಿ, ಅಂದರೆ ನಮ್ಮ ಕಾಕು, ಊರಿಗೆ ಹೋದಾಗ ಅಡುಗೆಮನೆಯ ಮಿಕ್ಸಿಯಲ್ಲೇ ರುಬ್ಬಿದರು. ಮಾಳಿಗೆ ಏರಿ ಸಿಂಪಡಿಸುವ ಹೊತ್ತಿಗೆ ಡ್ಯಾಮಿನ ಕಡೆಯಿಂದ ಗಾಳಿ ತಿರುಗಿತು. ಹುಳಗಳು ಏನಾದವೋ ತಿಳಿಯದು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಒಣಹಾಕುತ್ತಿದ್ದ ನಾವು ಮೂವರು ಕಣ್ಣೊರೆಸಿಕೊಳ್ಳುತ್ತಾ ಕೆಳಗಿಳಿದೆವು. ಕಾಕು ಬಂದ ಮೇಲೆ ಮನೆಗೆ ಎರಡನೆಯ ಮಿಕ್ಸಿ ಬಂತು.

ಗೃಹಪ್ರವೇಶಕ್ಕೆ ಕಾಕಾ ಕೊಡುವುದು ಮಜ್ಜಿಗೆ ಹುಲ್ಲಿನ ಕುಂಡ. ಸೊಳ್ಳೆ ಬರುವುದಿಲ್ಲವೆಂದು ಭರವಸೆ. ಆದರೆ ಹುಲ್ಲು ಸುಮ್ಮನೆ ನಿಂತಿದ್ದರೆ ಸೊಳ್ಳೆ ಅದರ ಮೇಲೇ ಕೂರುತ್ತದೆ. ಎಲೆ ಹಿಚುಕಿದಾಗಲೇ ಅದರ ಎಣ್ಣೆ ಹೊರಬರುವುದು. ಮೊನ್ನೆ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ನಮ್ಮ ಮನೆಯಲ್ಲಿ ಸೊಳ್ಳೆಮರಿ ಕಂಡದ್ದು ಒಂದೇ ಕಡೆ, ಕಾಕಾ ಕೊಟ್ಟ ಕುಂಡದ ಕೆಳಗಿನ ತಟ್ಟೆಯಲ್ಲಿ.

ಕಂಪ್ಲಿಯಲ್ಲಿ ಕಾಕಾನ ಬೀಗರಿಗೆ ನಾಲ್ಕೆಕರೆ ಭತ್ತ. ಕಂದು ಜಿಗಿಹುಳು ಬಿದ್ದಾಗ ಇವರು ಎರಡು ಲೀಟರ್ ಕಷಾಯ ಹಿಡಿದು ಬಸ್ಸು ಹತ್ತಿದರು. ಬೀಗರು ಬಾಟಲಿ ನೋಡಿದರು, ಹೊಲ ನೋಡಿದರು, “ಮೊದಲು ಊಟಕ್ಕ ಏಳ್ರಿ” ಅಂದರು. ಸಂಡೂರಿನ ತಂಗಿಯ ಮನೆಯಲ್ಲಿ ಮಾತ್ರ ಇವರ ಮಾತು ನಡೆಯಿತು. ಅದಿರಿನ ಕೆಂಪು ಧೂಳು ಕೂತ ಎಲೆಗೆ ನುಸಿ ಹೆಚ್ಚು, ದಿನಾ ನೀರು ಹೊಡೆದು ತೊಳೀರಿ ಎಂದು ಹೇಳಿ ಬಂದರು. ಗಿಡ ಸುಧಾರಿಸಿದವು. ಆ ಧೂಳಿನ ಲೆಕ್ಕ ಬರೆದೇ ಪಿಂಚಣಿ ಪಡೆಯುವವರು, ಅದರ ಗುಣ ಅವರಿಗಲ್ಲದೆ ಇನ್ಯಾರಿಗೆ ಗೊತ್ತು?

ಅವರು ನಿಜಕ್ಕೂ ಕುಗ್ಗಿದ್ದನ್ನು ನೋಡಿದ್ದು ಒಮ್ಮೆ. ಓಣಿಯ ತುದಿಯ ಬೇವಿನ ಮರದ ಚಿಗುರು ಒಣಗತೊಡಗಿತ್ತು. ಬೇವಿಗೂ ಬೂಷ್ಟು ರೋಗವಿದೆ, ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯೂ ಇದೆ. ಯಾರೋ ಅದನ್ನು ಹೇಳಿದಾಗ ಸಂಬಂಧಿಕರನ್ನು ಪೊಲೀಸರು ಒಯ್ದ ಸುದ್ದಿ ಕೇಳಿದವರಂತೆ ಕಾಕಾ ಮುಖ ತಿರುಗಿಸಿದರು. ಎರಡು ದಿನ ಯಾರ ಮನೆಯ ಬಾಗಿಲನ್ನೂ ಬಡಿಯಲಿಲ್ಲ.

ಅವರ ಪುಸ್ತಕದಲ್ಲಿ ಒಂದು ಪುಟ ಮಾತ್ರ ಖಾಲಿ. ಮೇಲೆ ‘ಮಂಗ’ ಎಂದು ಬರೆದಿದೆ, ಎದುರಿಗೆ ಗಿಡದ ಹೆಸರಿಲ್ಲ. ಕೇಳಿದರೆ ನಗುತ್ತಾರೆ. “ಹಂಪಿ ಅಲ್ಲೇ ಐತಿ, ಹೊಳಿ ದಾಟಿದ್ರ ಅಂಜನಾದ್ರಿ. ಇದು ಕಿಷ್ಕಿಂಧಾ. ಮನಿ ಮಾಲೀಕರನ್ನ ಓಡಿಸೋ ಗಿಡ ಯಾರರೆ ಹಚ್ತಾರೇನ್ರಿ?”

ಮೊನ್ನೆ ಮಾಲೀಕರು ಬಂದಿದ್ದರು. ಟೊಮೆಟೊ ಡಬ್ಬಿಗಳ ನಡುವೆ ಕೂತು, ಕೆಂಪಾದದ್ದನ್ನೇ ಆರಿಸಿ, ಒಂದೊಂದನ್ನೂ ಒಂದೇ ಸಲ ಕಚ್ಚಿ ಓಣಿಗೆ ಎಸೆದರು. ನಾವು ಕೋಲು ಹಿಡಿದು ಓಡಿದೆವು. ಕಾಕಾ ಬನಿಯನ್ನಿನಲ್ಲೇ ಕೆಳಗಿಳಿದು ಬಂದರು. ಬಿದ್ದಿದ್ದ ಕಾಯೊಂದನ್ನು ಎತ್ತಿ, ಕಚ್ಚಿದ ಕಡೆಯನ್ನು ಬಿಸಿಲಿಗೆ ಹಿಡಿದು, ಕನ್ನಡಕ ಮೇಲೇರಿಸಿ ನೋಡಿದರು. ಇನ್ನೊಂದನ್ನು ಎತ್ತಿದರು. ಮೂರನೆಯದು. ಆಮೇಲೆ ನಮ್ಮ ಕಡೆ ತಿರುಗಿದ ಮುಖದಲ್ಲಿ ಬೆಳದಿಂಗಳು.

“ನೋಡ್ರಿ, ಒಂದರಾಗರೆ ಹುಳ ಐತೇನು?”